ಕುಂಕುಮ ಬಿದ್ದ ಡಾಲರು

ನಮ್ಮ ಯೋಕೋಹಾಮಾದ ಮನೆಯಲ್ಲಿ ಕುಂಕುಮದ ಭರಣಿಯೂ ಭೂತಗನ್ನಡಿಯೂ ಒಂದೇ ಕಪಾಟಿನಲ್ಲಿ ವಾಸವಾಗಿದ್ದವು. ಜಪಾನಿನ ಮನೆಗಳ ಅಳತೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. ಭರಣಿ ಹೆಂಡತಿ ಸುಮಳದು, ಭೂತಗನ್ನಡಿ ನನ್ನದು. ಇಸವಿಯ ಎರಡು ಸೊನ್ನೆ ಕಂಡು ಕಂಪ್ಯೂಟರುಗಳೆಲ್ಲ ದಿಕ್ಕು ತಪ್ಪುತ್ತವೆಂದು ಲೋಕವೇ ಬೆವರುತ್ತಿದ್ದ ಆ ವರ್ಷ, ಹಗಲೆಲ್ಲ ಆ ಸೊನ್ನೆಗಳ ಕಾವಲು ಮುಗಿಸಿ ಬಂದ ನಾನು ಸಂಜೆ ಹಳೆಯ ಅಮೆರಿಕನ್ ನೋಟುಗಳ ಮೇಲೆ ಬಗ್ಗಿ ಕೂರುತ್ತಿದ್ದೆ. ಬಂದರಿನ ಊರಲ್ಲವೇ, ಹಳೆ ಸಾಮಾನಿನ ಸಂತೆಯಲ್ಲಿ ಅವು ಸಿಗುತ್ತಿದ್ದವು. ಮುದ್ರೆ ಹಸಿರಾದರೆ ಒಂದು ಜಾತಿ, ಕೆಂಪಾದರೆ ಇನ್ನೊಂದು. ನೀಲಿಯಾದರೆ, ಕೇಳಿದವರಿಗೆ ಬೆಳ್ಳಿ ಕೊಡುತ್ತೇವೆಂದು ಸರ್ಕಾರವೇ ಮಾತು ಕೊಟ್ಟಿದ್ದ ನೋಟು. ಈ ವಿದ್ಯೆಯಲ್ಲಿ ನಾನು ನಿಪುಣ, ಸ್ನೇಹಿತರೇ, ಹೇಳಿಕೊಳ್ಳಲು ಸಂಕೋಚವಿಲ್ಲ.

ಅದನ್ನು ನಂಬಿಯೇ ಆಫೀಸಿನ ನಕಗಾವಾ-ಸಾನ್ ತಮ್ಮ ತಂದೆ ಬಿಟ್ಟುಹೋದ ಒಂದು ಡಾಲರನ್ನು ಎರಡೂ ಕೈಗಳಿಂದ ನನಗೆ ಒಪ್ಪಿಸಿದ್ದರು. ಯುದ್ಧ ಮುಗಿದ ಮೇಲೆ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಆತನಿಗೆ ಅಮೆರಿಕದ ಸೈನಿಕನೊಬ್ಬ ಮೆಚ್ಚಿ ಕೊಟ್ಟದ್ದಂತೆ. ಖೋಟಾ ನೋಟಿಗೆ ಮರುಳಾದನೆಂದು ನೆಂಟರು ಆತ ಸಾಯುವವರೆಗೂ ಆಡಿಕೊಂಡು ನಕ್ಕರಂತೆ. ನಿಜವೋ ಸುಳ್ಳೋ, ಮಗನಿಗೆ ತಿಳಿಯಬೇಕಿತ್ತು.

ನೀಲಿ ಮುದ್ರೆ, ಕಾಗದದೊಳಗೆ ಹುದುಗಿದ ಕೆಂಪು ನೀಲಿ ಎಳೆಗಳು: ನೋಟು ಅಪ್ಪಟವಾಗಿತ್ತು. ಹೆಮ್ಮೆಯಿಂದ ಸುಮಳಿಗೂ ವಿವರಿಸಿ, ನೋಟನ್ನು ಕಪಾಟಿನಲ್ಲೇ ಬಿಟ್ಟು ಆಫೀಸಿಗೆ ಹೋದೆ. ಅಂದು ವರಮಹಾಲಕ್ಷ್ಮಿ ಹಬ್ಬ. ಮರಳಿ ಬಂದಾಗ ನೋಟು ಕಲಶದ ಮುಂದಿತ್ತು; ಚಿತ್ರದ ಅಧ್ಯಕ್ಷರ ಹಣೆಯಲ್ಲಿ ದುಂಡನೆಯ ಕುಂಕುಮ.

"ಬೆಳ್ಳಿ ಸಾಮಾನೆಲ್ಲ ಮೈಸೂರಲ್ಲೇ ಇದೆಯಲ್ರೀ. ಇದು ಬೆಳ್ಳಿಗೆ ಸಮ ಅಂತ ನೀವೇ ಹೇಳಿದ್ರಿ," ಎಂದಳು ಸುಮ.

ಸಣ್ಣ ಕಲೆಗೂ ಸಂಗ್ರಾಹಕರು ಮೂಗು ಮುರಿಯುತ್ತಾರೆ. ಇದೋ ಇನ್ನೊಬ್ಬರ ತಂದೆಯ ಮಾನ. ಒರೆಸಿದರೆ ಇನ್ನಷ್ಟು ಹರಡೀತೆಂದು ಮುಟ್ಟದೆ ಬಿಟ್ಟೆ.

ಸೋಮವಾರ ಆಫೀಸಿನಲ್ಲಿ ಸೊಂಟ ಬಗ್ಗಿಸಿ ಕ್ಷಮೆ ಕೇಳುತ್ತ, "ಸುಮಿಮಾಸೆನ್, ನಕಗಾವಾ-ಸಾನ್. ನೋಟು ಅಸಲಿ. ಆದ್ರೆ ನನ್ನ ಹೆಂಡತಿ ಇದನ್ನ ದೇವರ ಮುಂದಿಟ್ಟು ಪೂಜೆ ಮಾಡಿಬಿಟ್ಟಿದ್ದಾಳೆ," ಎಂದೆ.

ಅವರು ಆ ಕೆಂಪು ಬೊಟ್ಟನ್ನೇ ದಿಟ್ಟಿಸಿದರು. ಹೆಸರಿನ ಕೆಂಪು ಮೊಹರು ಒತ್ತದಿದ್ದರೆ ಬಾಡಿಗೆಮನೆಯ ಕರಾರನ್ನೂ ನಂಬದ ದೇಶ ಅದು.

"ಸುಳ್ಳು ನೋಟಾಗಿದ್ರೆ ದೇವರ ಮುಂದೆ ಇಡ್ತಿದ್ರಾ?"

"ಖಂಡಿತ ಇಲ್ಲ."

"ಹಾಗಾದ್ರೆ ಮೊಹರು ಬಿದ್ದ ಹಾಗಾಯ್ತು. ನೆಂಟರಿಗೆ ತೋರಿಸ್ತೀನಿ," ಎಂದು ಅವರು ನೋಟನ್ನು ಎರಡೂ ಕೈಗಳಲ್ಲಿ ಹಣೆಯವರೆಗೆ ಎತ್ತಿಕೊಂಡರು. ಕಣ್ಣು ತುಂಬಿತ್ತು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಎಳೆಗಳ ವಿವರಣೆಯನ್ನು ಅವರು ಕೇಳಲೇ ಇಲ್ಲ.

ನೋಟೆಂದರೆ ಕೊನೆಗೂ ಕಾಗದಕ್ಕೆ ಒತ್ತಿದ ನಂಬಿಕೆ ತಾನೇ. ಅದು ಅಸಲಿಯೆಂದು ಕಂಡುಹಿಡಿದವನು ನಾನೇ, ಅದರಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ. ಆದರೆ ಒಬ್ಬ ಮಗನಿಗೆ ನಂಬಿಕೆ ಬಂದದ್ದು ಆ ಬೊಟ್ಟಿನಿಂದ. ಸಂಜೆ ಕಪಾಟು ತೆರೆದು ಭೂತಗನ್ನಡಿಯನ್ನು ಹಿಂದಕ್ಕೆ ಸರಿಸಿ, ಭರಣಿಯನ್ನು ಮುಂದಿಟ್ಟೆ.