ಅಕ್ಕ ಕುಡಿದ ನೀರು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಮಾನ್ವಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಆ ಡಿಗ್ರಿಗಾಗಿ ನನ್ನ ಅಕ್ಕ ಶಾಲೆಯ ಮುಖ ನೋಡದೆ ದೇವದುರ್ಗದ ಕಡೆ ಹೊಲಹೊಲ ತಿರುಗಿ ಹತ್ತಿ ಬಿಡಿಸಿದಳು.

ಕೆಲವು ವರ್ಷಗಳ ಹಿಂದೆ ಇಬ್ಬರು ಸಹೋದ್ಯೋಗಿಗಳ ಜೊತೆ ಗೋಕರ್ಣದಿಂದ ಹೊನ್ನಾವರದವರೆಗೆ ಕಡಲ ದಂಡೆ ಹಿಡಿದು ನಡೆಯುವುದೆಂದಾಯಿತು. ವೇಳೆ ಹೊಂದಿಸುವ ಕೆಲಸ ನನ್ನದು. ರಾಯಚೂರಿನಿಂದ ಹುಬ್ಬಳ್ಳಿ ಬಸ್ಸು ಎಷ್ಟಕ್ಕೆ, ತದಡಿಯಲ್ಲಿ ಹೊಳೆ ದಾಟಿಸುವ ದೋಣಿ ಎಷ್ಟಕ್ಕೆ, ಅದು ತಪ್ಪಿದರೆ ಆಚೆ ದಡದಲ್ಲಿ ಕುಮಟಾ ಬಸ್ಸು ಸಿಗುತ್ತದೋ ಇಲ್ಲವೋ, ಎಲ್ಲ ಬರೆಯುತ್ತ ಕೂತಿದ್ದೆ. ಅಂದು ಅಕ್ಕ ಮನೆಗೆ ಬಂದಿದ್ದಳು.

"ಏನೋ ಅದು, ಇಷ್ಟು ಮನಸಿಟ್ಟು ಬರಿಯಾಕತ್ತಿ?"

"ಹುಬ್ಬಳ್ಳ್ಯಾಗ ಟ್ರೇನಿಂಗ್ ಅದ ಅಕ್ಕಾ. ಬಸ್ಸಿನ ಟೈಮು."

"ಸಮುದ್ರಕ್ಕ ಹೊಂಟಾನೇನೋ ಅನ್ಕೊಂಡೆ. ನೌಕರಿ ಬಂದಮ್ಯಾಲ ತೋರಸ್ತೀನಿ ಅಂದಿದ್ದಿ, ನೆನಪದ ಏನು ಮಾಸ್ತರಾ?" ಎಂದು ನಕ್ಕಳು.

ಅವಳು ಬಂದರೆ ನಡಿಗೆ ನಿಧಾನ, ದೋಣಿ ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಅವಳ ತಂಬಾಕು, ಅವಳ ದೊಡ್ಡ ದನಿ, ಸಹೋದ್ಯೋಗಿಗಳ ಮುಂದೆ ನನಗೆ ನಾಚಿಕೆ ಅನಿಸಿತ್ತು.

ತದಡಿಯಲ್ಲಿ ಬೆಳಗಿನ ದೋಣಿ ಸಿಕ್ಕಿತು. ನಡುನೀರಿನಲ್ಲಿ ಕೈ ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. ಬರೀ ಉಪ್ಪು. ಕೈ ಒರೆಸಿಕೊಳ್ಳುವುದರೊಳಗೆ ಅಕ್ಕನ ಫೋನು.

"ತಮ್ಮಾ, ನಿನ್ನ ಟ್ರೇನಿಂಗ್ ಚೊಲೊ ಆಗ್ಲಿ ಅಂತ ಕೃಷ್ಣಾ ದಂಡಿಗೆ ಹೊಳಿಗಂಗವ್ವಗ ಉಡಿ ತುಂಬಾಕ ಬಂದೀನಿ. ಒಂದು ಬೊಗಸಿ ಕುಡದ್ರ ಉಪ್ಪೋ! ಉಪ್ಪಂದ್ರ ಉಪ್ಪು. ಬಾಜೂ ಮನಿಯಾಕಿ ಕುಡದ್ಲು, ಆಕಿಗಿ ಸಿಹಿ. ಸಮುದ್ರದ ನೀರು ಹಿಂಗ ಇರ್ತದೇನು? ನೀ ಓದಿದಾವ, ಹೇಳು."

"ಬಾಯಿ ಕೆಟ್ಟಿರಬೇಕು, ಡಾಕ್ಟರಿಗೆ ತೋರಸ್ಕೋ," ಎಂದು ಫೋನಿಟ್ಟೆ. ಕೈಯನ್ನು ಮತ್ತೊಮ್ಮೆ ಒರೆಸಿಕೊಂಡೆ.

ಅವಳು ನಿಂತಿದ್ದ ಕೃಷ್ಣೆ ಮೂಡಲಿಗೆ ಹರಿಯುವ ಹೊಳೆ, ನಾನಿದ್ದದ್ದು ಪಡುವಲ ಕಡಲ ಬಾಯಿಯಲ್ಲಿ. ಈ ಎರಡು ನೀರು ಎಲ್ಲೂ ಕೂಡುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ನಕ್ಷೆ ಬರೆಸಿ ಹೇಳುತ್ತೇನೆ. ಊರಿಗೆ ಬಂದಮೇಲೆ ಬಾಜೂ ಮನೆಯವಳನ್ನೂ ಕೇಳಿದೆ. "ಹೌದ್ರೀ ಸರ, ಅಕ್ಕೋರು ಥೂ ಅಂತ ಉಗುಳಿದ್ರು. ನನಗೇನೂ ಅನ್ಸಲಿಲ್ಲ," ಎಂದಳು. ಮರುದಿನದಿಂದ ಅಕ್ಕನ ಬಾಯಿ ರುಚಿ ಎಂದಿನಂತೆಯೇ ಇತ್ತಂತೆ. ನಾನು ಎಲ್ಲಿದ್ದೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಅವಳಿಗೆಂದೇ ಕಡಲ ದಾರಿಯ ವೇಳೆ ಹೊಸದಾಗಿ ಹೊಂದಿಸಿದ್ದೇನೆ. ನಡಿಗೆ ಕಡಿಮೆ, ಬಸ್ಸು ಹೆಚ್ಚು, ಒಂದು ದೋಣಿ ಹೋದರೆ ಇನ್ನೊಂದು. ಆದರೂ ಪ್ರತಿ ರಜೆಯಲ್ಲಿ ಏನೋ ನೆಪ ಹೇಳಿ ಮುಂದೆ ಹಾಕುತ್ತೇನೆ. ದಂಡೆಯಲ್ಲಿ ನಿಂತು ಅವಳು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಅಂದಿನ ಉಪ್ಪಿನ ಗುರುತು ಹಿಡಿದು, ತಿರುಗಿ ನನ್ನ ಮುಖ ನೋಡುತ್ತಾಳಲ್ಲ, ಆ ಒಂದು ಗಳಿಗೆಯ ಹೆದರಿಕೆ ನನಗೆ.