ದಾಕ್ಷಾಯಣಮ್ಮನ ಸರ್ಪಸುತ್ತು

ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅರಕಲಗೂಡು ಹಾದು ರಾಮನಾಥಪುರಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ದಾಕ್ಷಾಯಣಮ್ಮನ ಎದುರು ಮಾತಾಡಿ ಗೆದ್ದವರಿಲ್ಲ. ಐವತ್ತು ದಾಟಿದ ಹೆಂಗಸು, ಗಟ್ಟಿ ಮೈಕಟ್ಟು, ಸೀರೆಯ ಮೇಲೆ ಖಾಕಿ ಅಂಗಿ. ಫುಟ್‌ಬೋರ್ಡಿನ ಮೇಲೆ ನೇತಾಡುವ ಹುಡುಗರಿಗೆ ಅವಳು ಒಂದೇ ಮಾತು ಹೇಳುತ್ತಿದ್ದಳು: "ಒಳಿಕ್ಕೆ ಬತ್ತೀಯೋ, ನಿಮ್ಮವ್ವನ್ಗೆ ಫೋನ್ ಮಾಡ್ಲೋ?" ಹುಡುಗರು ಒಳಕ್ಕೆ ಬರುತ್ತಿದ್ದರು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಹಿಂದಿನ ಸೀಟಿನಿಂದ ಡ್ರೈವರ್ ಬೆನ್ನಿನವರೆಗೆ ಜನರ ನಡುವೆ ಈಜಿದ ಹಾಗೆ ಹೋಗಿ ಬರುತ್ತಿದ್ದಳು.

ಕಳೆದ ವರ್ಷ ಗೌರಿಹಬ್ಬದ ಹಿಂದಿನ ವಾರ ಅವಳ ಎಡ ಪಕ್ಕೆಯಲ್ಲಿ ಉರಿ ಕಾಣಿಸಿಕೊಂಡಿತು. ಕಂಡಕ್ಟರ್ ಚೀಲದ ಪಟ್ಟಿ ಉಜ್ಜುವ ಜಾಗ ಅದು. ಪಟ್ಟಿಯದೇ ಕಾಟ ಎಂದುಕೊಂಡು ಕೊಬ್ಬರಿ ಎಣ್ಣೆ ಸವರಿ ಡ್ಯೂಟಿಗೆ ಹೋದಳು. ಮಾರನೆಯ ದಿನ ಬೆನ್ನುಮೂಳೆಯಿಂದ ಎದೆಯ ಕೆಳಗಿನವರೆಗೆ ಒಂದು ಕಡೆ ಮಾತ್ರ, ಸಾಲಾಗಿ, ನೀರು ತುಂಬಿದ ಗುಳ್ಳೆಗಳು ಎದ್ದವು.

ಅತ್ತೆ ಜಯಲಕ್ಷ್ಮಮ್ಮ ಕುಪ್ಪಸ ಎತ್ತಿ ನೋಡಿದವರೇ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಸರ್ಪಸುತ್ತು ಕಣೇ ಇದು! ತಲೆ ಬಾಲ ಕೂಡ್ಕಂಡ್ರೆ ಜೀವಕ್ಕೇ ಬತ್ತದೆ. ಆಸ್ಪತ್ರೆ ಗೀಸ್ಪತ್ರೆ ಅಂತ ಓಗ್ಬ್ಯಾಡ. ಸೂಜಿ ತಾಗಿದ್ರೆ ಸರ್ಪ ಸಿಟ್ಟಾಗ್ತದೆ."

ದಾಕ್ಷಾಯಣಮ್ಮನಿಗೂ ಭಯವಾಯಿತು. ಹೊಳೆನರಸೀಪುರದ ಅವರ ಮನೆಯಿಂದ ಎರಡು ಬೀದಿ ಆಚೆ ಕೆಮ್ಮಣ್ಣಿನಲ್ಲಿ ಹಾವು ಬರೆದು ಮಂತ್ರ ಹಾಕುವ ಮುದುಕನಿದ್ದ. ಗಂಡ ಚನ್ನಪ್ಪ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಮುದುಕ ಗುಳ್ಳೆಗಳ ಸುತ್ತ ಗೆರೆ ಎಳೆದು, ಉಪ್ಪು ಖಾರ ಬಿಡಿಸಿ, ಸ್ನಾನ ಬೇಡವೆಂದು ಹೇಳಿ ಕಳಿಸಿದ. ಗೆರೆ ಒಣಗಿತು, ಉರಿ ಒಣಗಲಿಲ್ಲ. ಮೈಮೇಲೆ ಸೆರಗು ಬಿದ್ದರೆ ಕಾದ ಕಬ್ಬಿಣ ಇಟ್ಟ ಹಾಗೆ. ವಾರ ಕಳೆದರೂ ಗುಣ ಕಾಣದಿದ್ದಾಗ ಅವಳೇ ಎದ್ದು, ಮನೆಯಲ್ಲಿ ಯಾರಿಗೂ ಹೇಳದೆ, ಹಾಸನದ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ನೋಡಿದವಳು ಡಾಕ್ಟರ್ ಸಮತಾ. ಮೂವತ್ತರ ಆಸುಪಾಸಿನ ಹುಡುಗಿ, ಶ್ರವಣಬೆಳಗೊಳದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಜೈನರ ಮನೆಯವಳು.

"ಅಮ್ಮಾ, ಚಿಕ್ಕವರಿದ್ದಾಗ ನಿಮಗೆ ಸೀತಾಳೆ ಸಿಡುಬು ಆಗಿತ್ತಾ?"

"ಅಮ್ಮ ಆಗಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗ್ಸಿದ್ರು."

"ಆ ವೈರಸ್ಸು ಮೈ ಬಿಟ್ಟು ಹೋಗೇ ಇರ್ಲಿಲ್ಲ. ನರದ ಬುಡದಲ್ಲಿ ಮಲಗಿತ್ತು. ವಯಸ್ಸಾಗಿ ಮೈಯ ಕಾವಲು ಸಡಿಲ ಆದಾಗ ಎದ್ದಿದೆ. ಒಂದೇ ನರ ಹಿಡಿದು ಬರುತ್ತೆ, ಅದಕ್ಕೇ ಒಂದೇ ಕಡೆ ಪಟ್ಟಿ ಥರ ಗುಳ್ಳೆ. ಹಾವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ."

"ಅಂಗಾದ್ರೆ ಮಾತ್ರೆ ಕೊಡಿ."

"ಗುಳ್ಳೆ ಎದ್ದ ಮೂರು ದಿನದೊಳಗೆ ಬಂದಿದ್ರೆ ಆ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿತ್ತಮ್ಮ. ಈಗ ನೋವಿಗೆ ಕೊಡ್ತೀನಿ. ಗುಳ್ಳೆ ಮಾಯುತ್ತೆ. ಉರಿ ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ ಇರುತ್ತೆ."

ಹಾಗೇ ಆಯಿತು. ದೀಪಾವಳಿಯ ಹೊತ್ತಿಗೆ ಚರ್ಮ ಮಾಸಲು ಕಲೆ ಬಿಟ್ಟು ಮಾಗಿತು, ಒಳಗಿನ ಬೆಂಕಿ ಆರಲಿಲ್ಲ. ಫ್ಯಾನಿನ ಗಾಳಿ ಸೋಕಿದರೆ ಜೀವ ಹೋಗುತ್ತಿತ್ತು. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದರು. "ಕೂತ್ರೆ ಅದ್ರ ಕಡೇನೇ ಗ್ಯಾನ ಓಯ್ತದೆ ಸಾ. ನಂಗೆ ನನ್ನ ಬಸ್ಸು ಕೊಡಿ," ಎಂದಳು. ಚೀಲವನ್ನು ಹೆಗಲಿನಿಂದ ಇಳಿಸಿ ಬಲ ಸೊಂಟಕ್ಕೆ ಬಿಗಿದುಕೊಂಡು ಮತ್ತೆ ಬಸ್ಸು ಹತ್ತಿದಳು.

ಅವಳ ಬಸ್ಸಿನ ಡ್ರೈವರ್ ಮಂಚಯ್ಯ, ಅವಳಿಗಿಂತ ಒಂದೆರಡು ವರ್ಷ ದೊಡ್ಡವನು. ಬಹಳ ವರ್ಷಗಳ ಜೋಡಿ, ಮಾತು ಕಡಿಮೆ. ಜನ ತುಂಬಿದಾಗ ಯಾರದಾದರೂ ಮೊಣಕೈ ಅವಳ ಪಕ್ಕೆಗೆ ತಾಗುತ್ತಿತ್ತು. ಅವಳು ಕಂಬಿ ಹಿಡಿದು ತುಟಿ ಕಚ್ಚಿಕೊಂಡು ನಿಂತುಬಿಡುತ್ತಿದ್ದಳು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಸದ್ದು ಮಾತ್ರ ಹೊರಡುತ್ತಿರಲಿಲ್ಲ. ಮಂಚಯ್ಯನಿಗೆ ಅದು ಕನ್ನಡಿಯಲ್ಲಿ ಕಾಣುತ್ತಿತ್ತು. ರಸ್ತೆ ಉಬ್ಬು ಬಂದಾಗಲೆಲ್ಲ ಬಸ್ಸನ್ನು ಬಾಣಂತಿ ಕೂತ ಗಾಡಿಯಂತೆ ಇಳಿಸುತ್ತಿದ್ದ.

ಮನೆಯಲ್ಲಿ ಮಾತ್ರ ಮಾತು ನಿಲ್ಲಲಿಲ್ಲ. ಜೋಯಿಸರು ಜಾತಕ ನೋಡಿ ನಾಗದೋಷ ಅಂದಿದ್ದಾರೆ, ರಾಮನಾಥಪುರದ ಸುಬ್ರಹ್ಮಣ್ಯನಿಗೆ ತಪ್ಪುಕಾಣಿಕೆ ಕಟ್ಟಬೇಕು, ನೀನೇ ಬಂದು ತಪ್ಪಾಯಿತು ಅನ್ನಬೇಕು ಎಂದು ಅತ್ತೆ ದಿನವೂ ಹಿಡಿದರು. ಒಂದು ದಿನ ಅಡುಗೆಮನೆಯಲ್ಲೇ ದಾಕ್ಷಾಯಣಮ್ಮ ತಿರುಗಿ ನಿಂತಳು.

"ಅತ್ತೆಮ್ಮಾ, ನಾನು ದಿನಾ ಆ ಸ್ವಾಮಿ ಊರಲ್ಲೇ ಬಸ್ ನಿಲ್ಸೋದು. ಕೋಪ ಇದ್ದಿದ್ರೆ ಅಲ್ಲೇ ಯೋಳ್ತಿದ್ದ. ಕೈ ಮುಗೀತೀನಿ, ಬ್ಯಾಡ ಅನ್ನಕಿಲ್ಲ. ಮಾಡ್ದೆ ಇರೋ ತಪ್ಪಿಗೆ ಮಾತ್ರ ತಪ್ಪಾಯ್ತು ಅನ್ನಕಿಲ್ಲ."

"ಸೊಕ್ಕು ಕಣೇ ನಿಂದು."

"ಊಂ, ಸೊಕ್ಕೇ. ಅದೊಂದೇ ಉಳ್ದಿರೋದು ನಂಗೆ."

ಮುಂದಿನ ಮಂಗಳವಾರ ಜಯಲಕ್ಷ್ಮಮ್ಮ ಹಣ್ಣುಕಾಯಿ ಚೀಲ ಹಿಡಿದು ತಾವೇ ಹೊರಟರು, ಅದೂ ಸೊಸೆಯ ಬಸ್ಸಿನಲ್ಲೇ. ಸೊಸೆ ಮುಂದಿನ ಸೀಟಿನಲ್ಲಿದ್ದ ಯುವಕನನ್ನು ಎಬ್ಬಿಸಿ ಅವರನ್ನು ಕೂರಿಸಿ, ಉಚಿತ ಟಿಕೆಟ್ ಹರಿದು ಕೈಗೆ ಕೊಟ್ಟಳು. ರಾಮನಾಥಪುರದಲ್ಲಿ ಅತ್ತೆ ಇಳಿದು ಹೋಗಿ ಪೂಜೆ ಮುಗಿಸಿ ಬರುವವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ಕೂತಿದ್ದಳು. ವಾಪಸ್ ಬರುವಾಗ ಅತ್ತೆ ಕುಂಕುಮ ಚಾಚಿದರು. ಹಣೆ ಒಡ್ಡಿ ಇಡಿಸಿಕೊಂಡಳು. ತಪ್ಪಾಯಿತು ಎಂಬ ಮಾತು ಬರಲಿಲ್ಲ, ಅವರೂ ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಾತ್ರೆ ಬರೆಸಿಕೊಳ್ಳಲು ಹಾಸನಕ್ಕೆ ಹೋದಾಗ ಸಮತಾ ಒಂದು ಸಂಗತಿ ಹೇಳಿದಳು. ಅವಳಿರುವ ತಂಡ ಸರ್ಪಸುತ್ತಿಗೆ ಬಂದಿರುವ ಹೊಸ ಲಸಿಕೆಯೊಂದನ್ನು ಪರೀಕ್ಷೆ ಮಾಡುತ್ತಿತ್ತು. ಐವತ್ತು ದಾಟಿದವರು ಬೇಕಾಗಿದ್ದರು, ಯಾರೂ ಬರುತ್ತಿರಲಿಲ್ಲ.

ದಾಕ್ಷಾಯಣಮ್ಮ ಅಲ್ಲೇ ತೋಳು ಚಾಚಿದಳು. "ನಂಗೇ ಚುಚ್ಚಿ ಡಾಕ್ಟ್ರಮ್ಮ."

"ಆಗಲ್ಲಮ್ಮ. ಒಂದ್ಸಲ ಬಂದವರನ್ನ ಈ ಪರೀಕ್ಷೆಗೆ ತಗೊಳ್ಳೋ ಹಾಗಿಲ್ಲ. ಬರದೇ ಇರೋರಿಗೆ ಬರದ ಹಾಗೆ ತಡೆಯುತ್ತಾ ಅಂತ ನೋಡಬೇಕಲ್ಲ."

"ಓಹೋ! ಮನೆ ಸುಟ್ಟೋರ್ಗೆ ನೀರಿಲ್ಲ, ಅಂತೀರಿ."

"ನಿಮಗೆ ಬೇರೆ ದಾರಿ ಇದೆ. ಈಗಾಗಲೇ ಮಾರಾಟಕ್ಕೆ ಇರೋ ಲಸಿಕೆ ನೀವು ಹಾಕಿಸ್ಕೋಬಹುದು. ಒಂದ್ಸಲ ಬಂದವರಿಗೆ ಇನ್ನೊಂದ್ಸಲ ಬರಬಾರದು ಅಂತೇನೂ ಇಲ್ಲ."

ದಾಕ್ಷಾಯಣಮ್ಮನ ಸಿಟ್ಟು ಈಗ ಬೇರೆ ಕಡೆ ತಿರುಗಿತು. "ಅಲ್ಲ, ಮಕ್ಳು ಉಟ್ಟಿದ್ ದಿನದಿಂದ ಸೂಜಿ ಹಾಕ್ತೀರಿ. ದನ ಎಮ್ಮೆಗೆ ಕಾಲುಬಾಯಿ ಜ್ವರ ಬರ್ದೇ ಇರ್ಲಿ ಅಂತ ಮನೆ ಬಾಗ್ಲಿಗೇ ಬಂದು ಚುಚ್ತಾರೆ. ಐವತ್ತಾದ ಮನುಷ್ಯನ್ನ ಮಾತ್ರ ಯಾರೂ ಕೇಳಕಿಲ್ಲ. ಇಂಥಾದ್ದೊಂದು ಐತೆ ಅಂತ ನಂಗ್ಯಾಕೆ ಯಾರೂ ಯೋಳ್ನಿಲ್ಲ?"

"ಹೇಳಬೇಕಿತ್ತಮ್ಮ," ಎಂದಳು ಸಮತಾ. ಆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳಿದಳು. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಜ್ವರ ಬರಬಹುದು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಹಾಕುವವರಿಗೂ ಗೊತ್ತಿರುವುದಿಲ್ಲ, ಹಾಕಿಸಿಕೊಂಡವರಿಗೂ ಗೊತ್ತಿರುವುದಿಲ್ಲ.

"ಅಂಗಂದ್ರೆ ಮೋಸ ಅಲ್ವಾ?"

"ಮುಂಚೆ ಹೇಳದೆ ಮಾಡಿದ್ರೆ ಮೋಸ. ನಾವು ಹೇಳೇ ಮಾಡ್ತೀವಿ. ಬೇಡ ಅನ್ನಿಸಿದ್ರೆ ಮಧ್ಯದಲ್ಲೇ ಬಿಟ್ಟು ಹೋಗಬಹುದು."

ಹೇಳಿ ಮಾಡುತ್ತೇವೆ ಎಂಬ ಆ ಮಾತು ದಾಕ್ಷಾಯಣಮ್ಮನಿಗೆ ಹಿಡಿಸಿತು.

ಅಂದಿನಿಂದ ಬಸ್ಸಿನಲ್ಲಿ ಟಿಕೆಟ್ಟಿನ ಜೊತೆಗೆ ಇದೂ ಶುರುವಾಯಿತು. ನರೆಗೂದಲಿನವರು ಯಾರೇ ಹತ್ತಲಿ, "ಅಣ್ಣಾ, ಅಮ್ಮ ಆಗಿತ್ತಾ ಚಿಕ್ಕೋರಿದ್ದಾಗ?" ಎಂದು ಕೇಳುತ್ತಿದ್ದಳು. ಪಕ್ಕೆಯಲ್ಲಿ ಉರಿ ಕಂಡರೆ ಕೆಮ್ಮಣ್ಣು ಬಿಟ್ಟು ಮೊದಲು ಆಸ್ಪತ್ರೆಗೆ ಓಡಿ ಎನ್ನುತ್ತಿದ್ದಳು. ಲಸಿಕೆ ಪರೀಕ್ಷೆಯ ವಿಷಯವನ್ನೂ ಹೇಳುತ್ತಿದ್ದಳು. ಕೆಲವರು ಕೇಳಿಸಿಕೊಂಡರು. ಕೆಲವರು ನಕ್ಕರು. ಮಂಚಯ್ಯ ಸ್ಟೇರಿಂಗ್ ಹಿಂದಿನಿಂದಲೇ, "ನಮ್ಮನ್ನೇನು ಇಲಿ ಅನ್ಕಂಡವ್ರಾ ಅವ್ರು?" ಎಂದ.

ತಿಂಗಳೊಳಗೆ ಸುದ್ದಿ ಎದ್ದಿತು: ಕಂಡಕ್ಟರಮ್ಮನಿಗೆ ತಲೆಗೆ ಇಷ್ಟು ಅಂತ ಕಮಿಷನ್ ಸಿಗುತ್ತದಂತೆ. ಯಾರೋ ಡಿಪೋಗೆ ಅರ್ಜಿಯನ್ನೂ ಹಾಕಿದರು. ಮ್ಯಾನೇಜರ್ ಕರೆಸಿ, ಡ್ಯೂಟಿಯಲ್ಲಿ ಇಂಥ ಪ್ರಚಾರ ನಿಯಮಕ್ಕೆ ವಿರುದ್ಧ ಎಂದರು.

"ಸರಿ ಸಾ. ಡ್ಯೂಟೀಲಿ ನನ್ನ ಬಾಯಿ ನಿಮ್ದು. ವಾರದ ರಜಾ ದಿನ ನಂದು. ಕಮಿಷನ್ ಅಂದೋನು ಯಾರು ಅಂತ ಮಾತ್ರ ತೋರ್ಸಿ. ನನ್ನ ಪಕ್ಕೆ ನೋವು ಒಂದ್ ದಿನ ಅವ್ನಿಗೆ ಕೊಡ್ತೀನಿ, ಅದೇ ಕಮಿಷನ್ನು."

ಮ್ಯಾನೇಜರ್ ನಗು ತಡೆದುಕೊಂಡು ಕಳಿಸಿದರು. ಮನೆಗೆ ಬಂದವಳೇ ಸಮತಾಳಿಗೆ ಫೋನ್ ಮಾಡಿದಳು. "ರಜಾ ದಿನ ನಿಮ್ ಜೊತೆ ಬತ್ತೀನಿ. ಒಂದು ಮಾತು. ನಾನು ಎಲ್ಲಾನೂ ಯೋಳ್ತೀನಿ. ಉಪ್ಪುನೀರಿಂದೂ ಯೋಳ್ತೀನಿ, ಜ್ವರ ಬರೋದೂ ಯೋಳ್ತೀನಿ. ಜನ ಎದ್ದೋದ್ರೂ ಸರಿ."

"ಅದಕ್ಕೇ ನೀವು ಬೇಕು," ಎಂದಳು ಸಮತಾ.

ಮೊದಲ ಸಭೆ ಬಾಗೂರಿನಲ್ಲಿ, ಹಾಲಿನ ಡೈರಿಯ ಮುಂದೆ, ಬೆಳಗಿನ ಹಾಲು ಅಳೆದು ಮುಗಿದ ಮೇಲೆ. ಇಪ್ಪತ್ತೋ ಮೂವತ್ತೋ ಜನ ಖಾಲಿ ಕ್ಯಾನುಗಳನ್ನು ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕೂತಿದ್ದರು. ಮಂಚಯ್ಯನೂ ಬಂದಿದ್ದ. ಅವನ ಊರು ಅಲ್ಲೇ ಪಕ್ಕ, ಹಾಲು ಹಾಕಲು ಬಂದವನು ಗೋಡೆಗೆ ಒರಗಿ ನಿಂತಿದ್ದ. ಸಮತಾ ಹೇಳಬೇಕಾದ್ದನ್ನು ಹೇಳಿದಳು. ದಾಕ್ಷಾಯಣಮ್ಮ ಎದ್ದು ತನಗಾದದ್ದನ್ನು ಹೇಳಿದಳು. ಕೆಮ್ಮಣ್ಣು ಬರೆಸಿಕೊಂಡು ಕೂತದ್ದು, ಮಾತ್ರೆಯ ಹೊತ್ತು ಮೀರಿದ್ದು, ಸೆರಗು ಸೋಕಿದರೆ ಕಿರುಚುವಂತಾಗುವುದು, ಒಂದನ್ನೂ ಮುಚ್ಚಿಡಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಶಾಂತರಾಜು ಎಂಬ ಯಜಮಾನರು ಟವೆಲ್ ಕೊಡವಿ ಎದ್ದರು. ಊರಿನಲ್ಲಿ ಅವರ ಮಾತು ನಡೆಯುತ್ತಿತ್ತು.

"ಅಲ್ಲಮ್ಮ, ಅರ್ಧ ಜನಕ್ಕೆ ಬರೀ ನೀರು ಅಂತೀಯ. ಲಸಿಕೆ ಬಿದ್ರೂ ಕೆಲ್ಸ ಮಾಡ್ತದೋ ಇಲ್ವೋ ಅವ್ರಿಗೇ ಗೊತ್ತಿಲ್ಲ. ನೀನು ಹಾಕಿಸ್ಕಳಂಗೂ ಇಲ್ಲ. ನಮ್ಮನ್ನ ಮಾತ್ರ ಕರೀತೀಯ. ಯಾವ ನ್ಯಾಯ ಇದು?"

ಗುಸುಗುಸು ಎದ್ದಿತು. ದಾಕ್ಷಾಯಣಮ್ಮ ಅದು ಅಡಗುವವರೆಗೆ ಕಾದಳು.

"ನ್ಯಾಯ ಅಲ್ಲ ಯಜಮಾನ್ರೇ. ನಂಗೂ ಇದೇ ಸಿಟ್ಟು ಬಂತು. ಆದ್ರೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಯೋಳಿದ್ದು ಇವ್ರೇ ಮೊದ್ಲು. ಕೆಮ್ಮಣ್ಣು ಬರ್ದೋನು ಯೋಳ್ನಿಲ್ಲ, ನನ್ನ ಜಾತಕ ನೋಡ್ದೋನು ಯೋಳ್ನಿಲ್ಲ. ಬ್ಯಾಡ ಅಂದ್ರೆ ಎದ್ ಓಗಿ, ಯಾರೂ ಕೈ ಹಿಡ್ಕಳಕಿಲ್ಲ. ಆದ್ರೆ ವಯಸ್ಸಾದ್ಮೇಲೆ ನೋವು ತಿನ್ನೋದೇ ಸೈ ಅಂತ ಮಾತ್ರ ನನ್ನ ಮುಂದೆ ಅನ್ಬ್ಯಾಡಿ. ನಾನು ಒಪ್ಪಕಿಲ್ಲ. ಸಾಯೋ ತನಕ ಒಪ್ಪಕಿಲ್ಲ."

ಶಾಂತರಾಜು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಅವರ ಹಿಂದೆ ಏಳೆಂಟು ಜನ ಎದ್ದರು. ಜಗಲಿ ಅರ್ಧ ಖಾಲಿಯಾಯಿತು. ಸಮತಾಳ ಮುಖ ಬಾಡಿತು. ಆಗ ಗೋಡೆಗೆ ಒರಗಿದ್ದ ಮಂಚಯ್ಯ ಮುಂದೆ ಬಂದು ಕುರ್ಚಿ ಎಳೆದು ಕೂತ.

"ನನ್ ಎಸ್ರು ಬರ್ಕಳಿ ಡಾಕ್ಟ್ರಮ್ಮ. ನಂಗೂ ಚಿಕ್ಕೋನಿದ್ದಾಗ ಅಮ್ಮ ಆಗಿತ್ತು."

"ನೀನಾ? ಇಲಿ ಅಂತಿದ್ದೆ?" ದಾಕ್ಷಾಯಣಮ್ಮನಿಗೆ ನಂಬಿಕೆ ಬರಲಿಲ್ಲ.

"ಕನ್ನಡೀಲಿ ನೋಡ್ತಿದ್ದೆ ಕಣಮ್ಮ ನಿನ್ನ, ಇಷ್ಟ್ ದಿನಾನೂ. ಆ ನೋವು ನಂಗೆ ಬ್ಯಾಡ. ಯಾರ್ಗೂ ಬ್ಯಾಡ."

ಅವನ ಹಿಂದೆ ಡೈರಿಯ ಲೆಕ್ಕದ ಹೆಂಗಸು ಪ್ರೇಮಕುಮಾರಿ ಬಂದಳು. ಆಮೇಲೆ ಇನ್ನೂ ಮೂರು ಜನ. ಅವತ್ತಿಗೆ ಅಷ್ಟೇ.

ಹಾಸನದಲ್ಲಿ ಸೂಜಿ ಹಾಕಿಸಿಕೊಂಡ ಮಂಚಯ್ಯನಿಗೆ ಅಂದು ಸಂಜೆಯೇ ಮೈ ಬಿಸಿಯಾಗಿ ತೋಳು ಊದಿತು. ಫೋನಿನಲ್ಲಿ ದಾಕ್ಷಾಯಣಮ್ಮನಿಗೆ ಬಾಯಿಗೆ ಬಂದಂತೆ ಬೈದ. ಅವಳು ಪೂರ್ತಿ ಕೇಳಿಸಿಕೊಂಡು, "ಜ್ವರ ಬತ್ತದೆ ಅಂತ ಮೊದ್ಲೇ ಯೋಳಿದ್ನಲ್ಲ, ಗಂಜಿ ಕುಡ್ದು ಮಲೀಕೊ," ಎಂದಳು. ಅವನಿಗೆ ಬಿದ್ದದ್ದು ಲಸಿಕೆಯೇ ಇರಬೇಕು ಎಂದು ಪ್ರೇಮಕುಮಾರಿಗೆ ಹೊಟ್ಟೆಕಿಚ್ಚು, ಯಾಕೆಂದರೆ ಅವಳಿಗೆ ಏನೂ ಆಗಿರಲಿಲ್ಲ. ಜ್ವರ ನೋಡಿ ಖಂಡಿತ ಹೇಳಲಾಗದು ಎಂದು ಸಮತಾ ಹೇಳಿದಳು. ಯಾರಿಗೆ ಯಾವುದು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಪರೀಕ್ಷೆ ಇನ್ನೂ ನಡೆಯುತ್ತಿದೆ.

ದಾಕ್ಷಾಯಣಮ್ಮ ಆ ಬೇಸಿಗೆಯಲ್ಲಿ ತನ್ನ ಲಸಿಕೆ ತಾನೇ ಹಾಕಿಸಿಕೊಂಡಳು. ಆ ದುಡ್ಡಿಗೆ ಮನೆಗೊಂದು ಫ್ರಿಜ್ಜು ಬರುತ್ತಿತ್ತಲ್ಲ ಎಂದು ಚನ್ನಪ್ಪ ಗೊಣಗಿದ. "ಫ್ರಿಜ್ಜು ಕೆಟ್ರೆ ರಿಪೇರಿ ಐತೆ," ಎಂದಳು. ಎರಡನೆಯ ಸೂಜಿಯ ದಿನ ಚನ್ನಪ್ಪ ತಾನೇ ಜೊತೆಗೆ ಬಂದ, ತನಗೂ ಒಂದು ಹಾಕಬಹುದಾ ಎಂದು ಮೆಲ್ಲಗೆ ಸಮತಾಳನ್ನು ಕೇಳಿದ. ಹಳೆಯ ಉರಿ ಪೂರಾ ಹೋಗಿಲ್ಲ. ಮೋಡ ಕವಿದ ದಿನ ಈಗಲೂ ಪಕ್ಕೆ ಸುಡುತ್ತದೆ. ರಜಾ ದಿನ ಮಾತ್ರ ಅವಳು ಮನೆಯಲ್ಲಿ ಕೂರುವುದಿಲ್ಲ. ಬೂವನಹಳ್ಳಿಗೆ ಹೋಗಿ ಬಂದಳು, ಶ್ರವಣಬೆಳಗೊಳದ ಅಂಗಡಿ ಬೀದಿಯಲ್ಲಿ ಸಮತಾಳ ತಂದೆಯ ಅಂಗಡಿ ಮುಂದೆಯೇ ಜನ ಸೇರಿಸಿದಳು. ಎದ್ದು ಹೋಗುವವರು ಈಗಲೂ ಎದ್ದು ಹೋಗುತ್ತಾರೆ.

ಮೊನ್ನೆ ಅರಕಲಗೂಡಿನಲ್ಲಿ ಊಟಕ್ಕೆ ಬಸ್ಸು ನಿಂತಾಗ ಅವಳು ಡಬ್ಬಿ ಬಿಚ್ಚುತ್ತ ಮಂಚಯ್ಯನನ್ನು ಕೇಳಿದಳು: "ನಾಳೆ ದಿನ ನಿಂಗೆ ಬಿದ್ದಿದ್ದು ಬರೀ ಉಪ್ಪುನೀರು ಅಂತ ಯೋಳುದ್ರೆ ಏನ್ಮಾಡ್ತೀಯ ಮಂಚಣ್ಣ?"

ಮಂಚಯ್ಯ ಮುದ್ದೆ ಮುರಿದು ಸಾರಿಗೆ ಅದ್ದಿದ.

"ಆದ್ರೆ ಆಗ್ಲಿ ಬುಡು. ನೀರೂ ಯಾರ್ಗಾದ್ರೂ ಬೀಳ್ಬೇಕಲ್ಲ. ಇಲ್ದಿದ್ರೆ ಗೊತ್ತಾಗೋದ್ ಎಂಗೆ?"

ದಾಕ್ಷಾಯಣಮ್ಮ ತನ್ನ ಡಬ್ಬಿಯಿಂದ ಅವನ ತಟ್ಟೆಗೆ ಇನ್ನಷ್ಟು ಸಾರು ಸುರಿದಳು.