ಬಟ್ಟೆಯ ಹಿಂಬದಿ

ವುರ್ಯಾನಿಗೆ ನಲವತ್ತಾರು ವರ್ಷ. ಲಾಸೆಮ್ ಊರಿನ ಬಾಟಿಕ್ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿ. ಅಂದರೆ, ಅಜ್ಜಿಯರು ಹುಡುಗಿಯರ ಮೇಲೆ, ಹುಡುಗಿಯರು ಅಜ್ಜಿಯರ ಮೇಲೆ ಹೇಳುವ ದೂರುಗಳನ್ನು ದಿನವಿಡೀ ಕೇಳಿಸಿಕೊಳ್ಳುವವಳು. ಅವರವರೇ ಹೇಳಿಕೊಂಡರೆ ಅವಳಿಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು. ಆದರೆ ಕಾರ್ಸಿಯೆಮ್ ಅಜ್ಜಿ ಯಾರ ತಪ್ಪನ್ನೂ ಮುಖಕ್ಕೆ ಹೇಳುವವಳಲ್ಲ, ಅದು ಒರಟುತನ. ಪಕ್ಕದ ಕಿನಾಂತಿಯ ಗೆರೆ ಡೊಂಕಾದರೆ, "ನನ್ನ ಕಣ್ಣೇ ಸರಿಯಿಲ್ಲ ಕಣಮ್ಮ, ಈ ಬಳ್ಳಿ ಯಾಕೋ ಅಲ್ಲಾಡಿದಂಗೆ ಕಾಣ್ತದೆ," ಎನ್ನುತ್ತಾಳೆ.

"ಕನ್ನಡಕ ಮಾಡಿಸ್ಕೊಳ್ಳಿ ಅಜ್ಜಿ. ಪೇಟೇಲಿ ಪುಕ್ಕಟೆ ಪರೀಕ್ಷೆ ಮಾಡ್ತಿದಾರೆ," ಎಂದು ಇಪ್ಪತ್ತೆರಡರ ಕಿನಾಂತಿ ನಿಜವಾದ ಕಾಳಜಿಯಿಂದಲೇ ಹೇಳುತ್ತಾಳೆ. ಅಜ್ಜಿ ಎರಡು ದಿನ ಮಾತು ಬಿಡುತ್ತಾಳೆ.

ಹಿಂದೆಲ್ಲ ಒಂದೇ ಸೀಮೆಎಣ್ಣೆ ಒಲೆ, ಅದರ ಮೇಲೆ ಮೇಣದ ಬಾಣಲೆ, ಸುತ್ತ ಐದಾರು ಹೆಂಗಸರು. ಒಬ್ಬೊಬ್ಬರ ಮುಂದೂ ಬಿದಿರಿನ ಚೌಕಟ್ಟು, ಅದಕ್ಕೆ ಇಳಿಬಿಟ್ಟ ಬಿಳಿ ಬಟ್ಟೆ, ಅದರ ಮೇಲೆ ಬಿಸಿ ಮೇಣದಿಂದ ಹೂಬಳ್ಳಿ. ಮೇಣ ಬಟ್ಟೆಯ ಹಿಂಬದಿವರೆಗೂ ಇಳಿದ ಕಡೆ ಬಣ್ಣ ಹತ್ತದು. ಹುಡುಗಿಯರಿಗೆ ಹೊಗೆ ಆಗದು, ಅಜ್ಜಿಯರ ಸೊಸೆಯಂದಿರ ಕಥೆಯೂ ಆಗದು. ಅಜ್ಜಿಯರಿಗೆ ಅವರ ಫೋನು ಆಗದು. ಈ ಪಂಚಾಯಿತಿಯಿಂದ ಬೇಸತ್ತ ವುರ್ಯಾನಿ, ಯಜಮಾನಿಯ ಕಾಲು ಹಿಡಿದು ತಲೆಗೊಂದು ಕರೆಂಟ್ ಒಲೆ ತರಿಸಿದಳು. ಪ್ಲಗ್ಗುಗಳೆಲ್ಲ ಗೋಡೆಯಲ್ಲಿ. ಎಲ್ಲರೂ ಗೋಡೆಗೆ ಮುಖ ಮಾಡಿ ಕೂತರು. ಎರಡು ತಿಂಗಳು ಜಗಳವಿರಲಿಲ್ಲ. ಮಧ್ಯಾಹ್ನದ ಬಿಸಿಲು ಅವರ ಬೆನ್ನುಗಳ ಮೇಲೆ ಸುಮ್ಮನೆ ಜಾರುವುದನ್ನು ನೋಡುತ್ತ, ಅವಳು ಮೊದಲ ಬಾರಿಗೆ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಳು.

ಆಮೇಲೆ ಮದುವೆ ಮನೆಯೊಂದರ ಹನ್ನೆರಡು ಬಟ್ಟೆ ಕೆಂಪು ಬಣ್ಣದ ತೊಟ್ಟಿಯಿಂದ ಹೊರಬಂದವು. ಐದರಲ್ಲಿ, ಬಿಳಿಯಾಗಿ ಉಳಿಯಬೇಕಿದ್ದ ಬಳ್ಳಿಯ ಮೇಲೆ ಕೆಂಪು ಹರಡಿತ್ತು, ಎಲೆಅಡಿಕೆಯ ಬಾಯಿ ಒರೆಸಿದ ಹಾಗೆ. ಮೇಣ ಹಿಂಬದಿಗೆ ಇಳಿದಿರಲಿಲ್ಲ.

"ಮುದುಕಿಯರ ಕಣ್ಣು ಹೋಗಿದೆ. ಅವರೇ ಹೇಳ್ಕೊಂಡು ತಿರುಗ್ತಾರಲ್ಲ," ಎಂದಳು ಯಜಮಾನಿ. "ಶನಿವಾರ ಒಂದು ಹೆಸರು ಕೊಡು. ಮನೆಗೆ ಕಳಿಸೋಣ."

ಕೆಟ್ಟ ಐದರಲ್ಲಿ ಎರಡು ಕಾರ್ಸಿಯೆಮ್‌ಳದು, ಮೂರು ಕಿನಾಂತಿಯದು. ವುರ್ಯಾನಿ ಅವನ್ನು ಇಬ್ಬರ ನಡುವೆ ನೆಲದ ಮೇಲೆ ಹರವಿದಳು.

"ನಲವತ್ತು ವರ್ಷ ಮಾಡ್ದೋರು ನೀವು. ಮೇಣ ಇಳೀಲಿಲ್ಲ ಅಂತ ಗೊತ್ತಾಗ್ಲಿಲ್ವಾ ಅಜ್ಜಿ?"

"ನನ್ನ ಬಟ್ಟೆ ಹಿಂಬದಿ ನನಗೆಲ್ಲಿ ಕಾಣ್ತದಮ್ಮ? ಎದುರುಗಡೆ ಕೂತೋರು ನೋಡಿ ಹೇಳ್ತಿದ್ರು. ಈಗ ನನ್ನೆದುರು ಗೋಡೆ ಕೂತದೆ."

"ಅದನ್ನ ಮೊದಲೇ ಹೇಳ್ಬಾರ್ದಿತ್ತಾ?"

"ನೀನು ಅಷ್ಟು ಒದ್ದಾಡಿ ಒಲೆ ತರಿಸಿದ್ದೆ. ಹೆಂಗೆ ಹೇಳೋದು?"

ಕಿನಾಂತಿ ಕಿವಿಯಿಂದ ಇಯರ್‌ಫೋನ್ ತೆಗೆದಳು. "ಹಿಂದೆ ನೋಡ್ಬೇಕು ಅಂತ ನಂಗ್ಯಾರೂ ಹೇಳ್ಕೊಟ್ಟೇ ಇಲ್ಲ ಅಕ್ಕ."

"ದಿನಾ ಹೇಳ್ತಿದ್ನಲ್ಲ, ಕಣ್ಣು ಸರಿಯಿಲ್ಲ ಅಂತ," ಅಜ್ಜಿ ಗೊಣಗಿದಳು.

ವುರ್ಯಾನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಪಕ್ಕದ ಅಂಗಡಿಯಿಂದ ಉದ್ದನೆಯ ವೈರು ತಂದಳು, ಒಲೆಗಳನ್ನೆಲ್ಲ ಕೋಣೆಯ ನಡುವಿಗೆ ಎಳೆದಳು, ಅಜ್ಜಿಯ ಎದುರಿಗೆ ಕಿನಾಂತಿಯನ್ನು ಕೂರಿಸಿದಳು.

"ಇವತ್ತಿಂದ ಎದುರಿನೋರ ಹಿಂಬದಿ ನಿಮ್ಮ ಜವಾಬ್ದಾರಿ. ತಪ್ಪು ಕಂಡ್ರೆ ಕಣ್ಣಿನ ಸುದ್ದಿ ಎತ್ತಬಾರ್ದು. ಬೆರಳಿಟ್ಟು ತೋರಿಸ್ಬೇಕು."

"ಬೆರಳು ತೋರಿಸೋ ಮನೇಲಿ ಹುಟ್ಟಿಲ್ಲ ನಾನು," ಎಂದಳು ಅಜ್ಜಿ. "ಹೆಬ್ಬೆರಳಲ್ಲಿ ತೋರಿಸಿದ್ರೆ ಮರ್ಯಾದೆ. ಅದಾದ್ರೆ ನೋಡೋಣ."

"ಹೆಬ್ಬೆರಳೇ ತೋರಿಸಿ, ಮಹರಾಯ್ತಿ."

ಶನಿವಾರ ಯಜಮಾನಿ ಹೆಸರು ಕೇಳಿದಳು.

"ವುರ್ಯಾನಿ," ಎಂದಳು ವುರ್ಯಾನಿ. "ಗೋಡೆ ಕಡೆ ಕೂರಿಸಿದ್ದು ನಾನು."

ಯಜಮಾನಿ ಕಿಟಕಿಯಾಚೆ ನೋಡಿದಳು. "ಮದುವೆಗೆ ಎರಡು ತಿಂಗಳಿದೆ. ಐದೂ ಹೊಸದಾಗಿ ಆಗ್ಲಿ. ನಿನ್ನ ವಿಷಯ ಆಮೇಲೆ."

ವುರ್ಯಾನಿ ಒಳಗೆ ಕಾಲಿಡುವಷ್ಟರಲ್ಲಿ ಕಿನಾಂತಿಯ ದೂರು ಎದುರಾಯಿತು. "ಅಕ್ಕ, ಬೆಳಿಗ್ಗೆಯಿಂದ ಹೆಬ್ಬೆರಳು ಇಳಿಸಿಲ್ಲ ಈ ಅಜ್ಜಿ. ತಲೆ ಕೆಟ್ಟುಹೋಗಿದೆ ನಂಗೆ."

"ಎಲ್ಲಿ ತೋರ್ಸಿದ್ರು?"

ಕಿನಾಂತಿ ಸಿಡುಕುತ್ತಲೇ ಬಟ್ಟೆ ಮಗುಚಿದಳು. ಬಳ್ಳಿ ತಿರುಗುವ ಕಡೆ, ಹುಣಸೆಬೀಜದಷ್ಟು ಜಾಗದಲ್ಲಿ ಮೇಣ ಇಳಿದಿರಲಿಲ್ಲ.  ಅವಳು ಬಟ್ಟೆಯನ್ನು ಹಾಗೇ ಮಗುಚಿಟ್ಟುಕೊಂಡು ಮೇಣಕ್ಕೆ ಕೈ ಚಾಚಿದಳು.